ತೆಂಕು ಬದಿಯ ಗ್ಯಾಸ್ಕೆಟ್

ಪರ್ಕಳ
24 ಜುಲೈ 1983, ಭಾನುವಾರ

ಸುಭಾಷಿಣಿಯ ಅಪ್ಪನಿಗೆ,

ಸುಗಂಧಿಯ ನಮಸ್ಕಾರಗಳು. ನಾನೂ ಮಗಳೂ ಆರೋಗ್ಯದಿಂದಿದ್ದೇವೆ, ನೀವೂ ಹಾಗೆಯೇ ಇರುವಿರೆಂದು ಅಂದುಕೊಂಡು ಬರೆಯಲು ಕೂತಿದ್ದೇನೆ. ನಿಮ್ಮ ಪತ್ರ ಬಂದು ಒಂದು ತಿಂಗಳು ಕಳೆಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸಬೇಕು. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಪುರುಸೊತ್ತು ಬೇಕಾದಷ್ಟಿತ್ತು. ಪೆನ್ನು ಹಿಡಿದಾಗಲೆಲ್ಲ ಮೊದಲ ಸಾಲಿನಲ್ಲಿಯೇ ಬೈಗುಳ ಬರುತ್ತಿತ್ತು. ಗಂಡನಿಗೆ ಹೀಗೆಲ್ಲ ಬರೆಯಬಾರದೆಂದು ಹರಿದು ಒಲೆಗೆ ಹಾಕುತ್ತಿದ್ದೆ. ಇವತ್ತು ಸುಭಾಷಿಣಿ ಗೆಳತಿಯ ಮನೆಗೆಂದು ಕೆಮ್ಮಣ್ಣಿಗೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬಳೇ, ಒಲೆಯೂ ಆರಿದೆ, ಆದ್ದರಿಂದ ಈ ಪತ್ರ ಉಳಿದೀತು.

ಮೊದಲು ಊರಿನ ಸುದ್ದಿ. ಮಗಳು ಪಾಸಾಗಿದ್ದಾಳೆ, ಈಗ ಎರಡನೇ ವರ್ಷದ ಬಿ.ಎ. ಮಣಿಪಾಲಕ್ಕೆ ನಡೆದೇ ಹೋಗುತ್ತಾಳೆ. ಬಸ್ಸಿನಲ್ಲಿ ಹೋಗೆಂದರೆ ಕೇಳುವುದಿಲ್ಲ, ಹಟ ಯಾರದ್ದೆಂದು ನಿಮಗೆ ಗೊತ್ತುಂಟು. ನಿಮ್ಮ ಅಮ್ಮನ ಉತ್ತರಕ್ರಿಯೆ, ಬೊಜ್ಜ, ಯಾವ ಕೊರತೆಯೂ ಇಲ್ಲದೆ ಮುಗಿಯಿತು. ನಿಮ್ಮ ತಂಗಿ ಅಪ್ಪಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಸಿದಳು. ನಿಮಗೆ ರಜೆ ಸಿಗಲಿಲ್ಲವಲ್ಲ ಎಂದು ಕಾಪುವಿನಲ್ಲಿ ಎಲ್ಲರೂ ಮರುಗಿದರು. ನನಗೂ ಹೇಳಿಕೆ ಬಂದಿತ್ತು, ಹೋಗಿದ್ದೆ. ಊಟದ ಹೊತ್ತಿಗೆ ಅಪ್ಪಿ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ನೆಂಟರ ಸಾಲಿನಲ್ಲಿ ಕೂರಿಸಿದಳು. "ನೀವು ದೂರದಿಂದ ಬಂದವರು ಅತ್ತಿಗೆ, ಮೊದಲು ಊಟ ಮಾಡಿ" ಎಂದಳು. ಮದುವೆಯಾದಂದಿನಿಂದ ಆ ಮನೆಯ ಹೊಗೆ ಕುಡಿದವಳು ನಾನು. ನನ್ನ ಎಲೆಗೆ ಪಾಯಸ ಬಡಿಸಿದವರು ನನ್ನನ್ನು "ಯಾವ ಊರಾಯಿತು?" ಎಂದು ಕೇಳಿದರು. ಪರ್ಕಳ ಎಂದೆ.

ಇನ್ನು ನಿಮ್ಮ ಪತ್ರದ ವಿಷಯಕ್ಕೆ ಬರುತ್ತೇನೆ. ನೀವು ಬರೆದದ್ದು ನನಗೆ ಬಾಯಿಪಾಠವಾಗಿದೆ. "ತೆಂಕು ಬದಿಯ ಹೆಡ್ಡಿನ ಗ್ಯಾಸ್ಕೆಟ್ ಹೋಗಿದೆ, ಅದೊಂದನ್ನೇ ಬದಲಿಸಿ ಎಂದು ಬಿಡಿಸಿ ಬರೆದಿದ್ದೆ. ನೀನು ಬೇಕೆಂದೇ ಇನ್ನೊಂದು ಬದಿಯದ್ದನ್ನು ಬಿಚ್ಚಿಸಿದೆ. ಅಮ್ಮನ ಮೇಲಿನ ಹಗೆ ತೀರಿಸಲಿಕ್ಕೆ ನಿನಗೆ ನನ್ನ ಕಾರೇ ಬೇಕಾಯಿತಾ? ಅಮ್ಮನನ್ನು ಕೊಂದವಳು ನೀನು, ಅವರ ಕೊನೆಯ ಮಾತು ಏನೆಂದಾದರೂ ಬರೆ." ಇಷ್ಟೇ ನಿಮ್ಮ ಮಾತು. ಇದನ್ನು ಓದಿ ಮೊದಲು ನಗು ಬಂತು ಎಂದರೆ ನಂಬುತ್ತೀರಾ? ಗ್ಯಾರೇಜಿನ ಜೋಕಿಮ್ ಆ ಗ್ಯಾಸ್ಕೆಟ್ ಹಾಕಿದ್ದು ಫೆಬ್ರವರಿಯಲ್ಲಿ. ನಿಮ್ಮ ಅಮ್ಮನಿಗೆ ಮೇ ತಿಂಗಳಲ್ಲಿ ಎದೆ ಹಿಡಿಯುತ್ತದೆಂದು ನನಗೆ ಯಾವ ಜೋಯಿಸರು ಹೇಳಿದ್ದರು? ನಗು ಮುಗಿದ ಮೇಲೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಸಿಟ್ಟು ಇದ್ದರೂ ಪೂರ್ತಿ ಓದಿ.

ಕಳೆದ ದೀಪಾವಳಿಯ ನಂತರ ಅಪ್ಪಿ ಕಾಪುವಿನ ಮನೆಗೆ ಬಂದು, "ಇದು ಅಮ್ಮನ ಕಡೆಯಿಂದ ಬಂದ ಜಾಗ, ನಮ್ಮ ಅಳಿಯಕಟ್ಟಿನಲ್ಲಿ ಮಗಳಿಗೆ ಸೇರುವಂಥದ್ದು. ಅಣ್ಣನ ಹೆಂಡತಿ ಎಂದರೆ ಬಂದು ಹೋಗುವವರು" ಎಂದಳು. ಅತ್ತೆ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ನಿಮ್ಮ ದುಡಿಮೆಯಲ್ಲಿ ಎದ್ದ ಮನೆಯಿಂದ ನಾನೂ ಮಗಳೂ ಟ್ರಂಕು ಹಿಡಿದು ಹೊರಟೆವು. ಕಾರ್ಕಳಕ್ಕೆ, ನನ್ನ ಅಮ್ಮನ ಮನೆಗೆ ಹೋಗಬಹುದಿತ್ತು. ಹೋದರೆ ಗಂಡ ಬಿಟ್ಟವಳೆಂದು ಹೆಸರಾಗುತ್ತಿತ್ತು, ಮಗಳ ಕಾಲೇಜೂ ತಪ್ಪುತ್ತಿತ್ತು. ಹಾಗಾಗಿ ಪರ್ಕಳದಲ್ಲಿ ಎರಡು ಕೋಣೆ ಹಿಡಿದೆ. ಆವಾಗ ನೀವು ಬರೆದ ಪತ್ರದಿಂದ ನನಗೆ ಎಷ್ಟು ಸಮಾಧಾನವಾಗಿತ್ತು ಗೊತ್ತಾ? "ಅಮ್ಮನೂ ಅಪ್ಪಿಯೂ ಹೀಗೆ ಮಾಡಬಾರದಿತ್ತು. ನನಗೆ ತಿಳಿದಿದ್ದರೆ ಬಿಡುತ್ತಿರಲಿಲ್ಲ. ನಾನು ಬಂದ ಮೇಲೆ ಎಲ್ಲ ಸರಿ ಮಾಡುತ್ತೇನೆ" ಎಂದಿದ್ದಿರಿ. ಅದನ್ನು ಸುಭಾಷಿಣಿಗೂ ಓದಿ ಹೇಳಿದೆ.

ನಾವು ಹೊರಟ ಮರುವಾರವೇ ಅಪ್ಪಿಯ ಗಂಡ ಕಾರನ್ನೂ ಕಳಿಸಿದರು. ಕಾರು ನಿಲ್ಲುವ ಶೆಡ್ಡಿನಲ್ಲಿ ತೆಂಗಿನಕಾಯಿ ಹಾಕಬೇಕಂತೆ. ಕಾರ್ಕಳದ ಡಾಕ್ಟರರ ಅಂಗಳದಲ್ಲಿ ಕೋಳಿ ಮಲಗುತ್ತಿದ್ದ ಆ ಹಳೆಯ ಫೋರ್ಡನ್ನು ನೀವು ಎರಡು ರಜೆಗಳಲ್ಲಿ ಹೆಂಡತಿ ಮಕ್ಕಳ ಮುಖ ನೋಡದೆ ರಿಪೇರಿ ಮಾಡಿ ನಿಲ್ಲಿಸಿದ್ದಿರಲ್ಲ, ಅದು ಲಾರಿಯ ಹಿಂದೆ ಹಗ್ಗಕ್ಕೆ ಕಟ್ಟಿಸಿಕೊಂಡು ಪರ್ಕಳಕ್ಕೆ ಬಂತು. ನಮ್ಮ ಕೋಣೆಯ ಕೆಳಗೆ ಜೋಕಿಮನ ಗ್ಯಾರೇಜು. ಅವನ ಮಾಡಿನಡಿಯಲ್ಲಿ ನಿಲ್ಲಿಸಿದೆವು. ಇದೆಲ್ಲ ಆಗಲೇ ನಿಮಗೆ ಬರೆದಿದ್ದೇನೆ.

ಜನವರಿ ಕೊನೆಗೆ ನಿಮ್ಮ ಜೊತೆ ಕೆಲಸ ಮಾಡುವ ಮೌರಿಸ್ ಬಹ್ರೈನಿನಿಂದ ಬಂದವರು ನೀವು ಕೊಟ್ಟ ಗ್ಯಾಸ್ಕೆಟ್ಟನ್ನೂ ಪತ್ರವನ್ನೂ ತಂದುಕೊಟ್ಟರು. ಮಗಳು ಆಸೆಯಿಂದ ಪೊಟ್ಟಣ ಬಿಚ್ಚಿದಳು. ಒಳಗೆ ಇಂಜಿನಿನ ತಲೆಯ ಅಡಿಗೆ ಹಾಕುವ, ತೂತು ತೂತಾದ ತಾಮ್ರದ ತಗಡು. "ಅಪ್ಪ ನಮಗೆ ಗುಳಿ ಅಪ್ಪದ ಕಾವಲಿ ಕಳಿಸಿದ್ದಾರೆ ಅಮ್ಮ" ಎಂದು ನಗಾಡಿದಳು. ನಾನೂ ನಗಾಡಿದೆ. ಇಂಥದ್ದು ಈಗ ಎಲ್ಲೂ ಸಿಗುವುದಿಲ್ಲ, ಅಲ್ಲಿನ ಒಬ್ಬ ಮುದುಕ ಅರಬನಲ್ಲಿ ಇದೊಂದೇ ಇತ್ತು, ಎರಡೂ ಬದಿಗೆ ಕೂರುತ್ತದೆ, ಆದರೆ ತೆಂಕು ಬದಿಗೇ ಹಾಕಿಸಬೇಕು, ಬಡಗಿನದ್ದು ಗಟ್ಟಿ ಉಂಟು, ಅದನ್ನು ಮುಟ್ಟಿದರೆ ಹಾಳಾಗುತ್ತದೆ ಎಂದು ಬರೆದಿದ್ದಿರಿ. ಆ ಪತ್ರದ ಮುಕ್ಕಾಲು ಪಾಲು ಗ್ಯಾಸ್ಕೆಟ್ಟಿನದ್ದೇ.

ಎಡ ಬಲ ಎಂದು ಬರೆಯುವ ಅಭ್ಯಾಸ ನಿಮಗಿಲ್ಲ. ನನಗೂ ಇಲ್ಲ. ಮದುವೆಯಾದ ಹೊಸತರಲ್ಲಿ ನಿಮಗೆ ಸ್ಪ್ಯಾನರು ಎತ್ತಿ ಕೊಡುವಾಗ "ಎಡದ್ದಾ?" ಎಂದು ಕೇಳಿ ಬೈಸಿಕೊಂಡಿದ್ದೆ. "ಯಾರ ಎಡ? ಸ್ಟಿಯರಿಂಗ್ ಹಿಡಿದವನ ಎಡವಾ, ಬಾನೆಟ್ಟಿನ ಎದುರು ನಿಂತವನ ಎಡವಾ? ತೆಂಕು ಅಂದರೆ ತೆಂಕು, ಬಡಗು ಅಂದರೆ ಬಡಗು. ಅದು ಯಾರಿಗೂ ತಿರುಗುವುದಿಲ್ಲ" ಎಂದಿದ್ದಿರಿ. ನಮ್ಮಲ್ಲಿ ಎಲ್ಲದಕ್ಕೂ ಹಾಗೆ ದಿಕ್ಕೇ ಅಲ್ವಾ? ಮೂಡಿನ ಕೋಣೆ, ಪಡುವಿನ ಬಾಗಿಲು. ಊಟಕ್ಕೆ ಕೂತಾಗಲೂ ತೆಂಕಿನ ಪಾತ್ರೆ ಇತ್ತ ಕೊಡು ಎನ್ನುವವರು ನಾವು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಜೋಕಿಮ್ ಬಾನೆಟ್ಟು ಎತ್ತಿದ. ಬಾಯಿಗೆ ಬೀಗ ಇಲ್ಲದ ಮನುಷ್ಯ. "ಅಕ್ಕಾ, ಬೇರೆ ಗಾಡಿಗೆಲ್ಲ ಒಂದು ತಲೆ. ಇದಕ್ಕೆ ಎರಡು ಉಂಟು, ಆಚೆಗೊಂದು ಈಚೆಗೊಂದು. ನಿಮ್ಮ ಯಜಮಾನರು ಯಾವ ತಲೆ ಬಿಚ್ಚಲಿಕ್ಕೆ ಹೇಳಿದ್ದು?" ಎಂದ. ನಾನು ಪತ್ರ ಹಿಡಿದುಕೊಂಡೇ ನಿಂತಿದ್ದೆ. "ತೆಂಕು ಬದಿಯದ್ದು" ಎಂದೆ. ಅವನು ಯೋಚನೆಯೇ ಮಾಡಲಿಲ್ಲ. ಇಲ್ಲಿ ಹುಟ್ಟಿದವನಿಗೆ ತೆಂಕು ಯಾವುದೆಂದು ಯೋಚಿಸಲಿಕ್ಕೆ ಎಂತ ಉಂಟು? ಸೀದಾ ಹೋಗಿ ತೆಂಕು ಬದಿಯಲ್ಲಿ ಕುಕ್ಕುರು ಕೂತ.

ನಟ್ಟುಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಹೊಯ್ದು ಕಾದ, ಮರದ ತುಂಡಿಟ್ಟು ಬಡಿದ, ಏಸುವಿನಿಂದ ಹಿಡಿದು ನಮ್ಮ ಮಾರಿಯಮ್ಮನವರೆಗೆ ಎಲ್ಲರನ್ನೂ ಕರೆದ. ಕೊನೆಗೆ ತಲೆ ಕಿರ್ರೆಂದು ಮೇಲೆದ್ದಾಗ ಹಳೆಯ ಗ್ಯಾಸ್ಕೆಟ್ಟು ಅರ್ಧ ಅತ್ತ ಅರ್ಧ ಇತ್ತ ಹರಿದು ಬಂತು. ನಾನು ಬಗ್ಗಿ ನೋಡಿದೆ. ಸುಟ್ಟ ಗುರುತು ನನಗೆಲ್ಲೂ ಕಾಣಲಿಲ್ಲ. "ಇದು ಸರಿ ಇದ್ದ ಹಾಗೆ ಕಾಣ್ತದಲ್ಲ ಜೋಕಿಮ್?" ಎಂದು ಕೇಳಿದೆ. ಕೇಳಿದ್ದೇನೆ, ನೆನಪಿಡಿ. "ನನಗೂ ಹಾಗೇ ಕಂಡಿತು ಅಕ್ಕಾ. ಆದರೆ ಬಹ್ರೈನಿನಿಂದ ಬರೆದ ಮೇಲೆ ನಾವೆಂತ ನೋಡುವುದು? ಅವರು ಅಲ್ಲಿ ದೊಡ್ಡ ದೊಡ್ಡ ಗಾಡಿ ಬಿಚ್ಚುವವರು. ಕೂದಲಿನಷ್ಟು ಬಿರುಕಿದ್ದರೆ ನಮ್ಮ ಕಣ್ಣಿಗೆ ಕಾಣ್ತದಾ?" ಎಂದ. ನಿಮ್ಮ ಪತ್ರದ ಎದುರು ಅವನ ಕಣ್ಣೂ ನಡೆಯಲಿಲ್ಲ, ನನ್ನ ಕಣ್ಣೂ ನಡೆಯಲಿಲ್ಲ. ಬ್ಲೇಡಿನಿಂದ ಎಲ್ಲ ಕೆರೆದು, ನೀವು ಕಳಿಸಿದ್ದನ್ನು ಕೂರಿಸಿ, ನಡುವಿನ ನಟ್ಟಿನಿಂದ ಶುರು ಮಾಡಿ ಹೊರಗಿನವರೆಗೆ ಬಿಗಿದ. ಇಂಜಿನು ಬಿಸಿ ಮಾಡಿ ಮತ್ತೊಮ್ಮೆ ಬಿಗಿದ. ನೀವು ಹೇಳಿದ್ದನ್ನು ಒಂದೂ ಬಿಡಲಿಲ್ಲ.

ಕಾರು ಸ್ಟಾರ್ಟಾದಾಗ ಎಂಥ ಚಂದದ ಶಬ್ದ! ನನಗೆ ಕಣ್ಣಲ್ಲಿ ನೀರು ಬಂತು. ನೀವೇ ಮನೆಗೆ ಬಂದ ಹಾಗಾಯಿತು. ಕಾರ್ಕಳದಿಂದ ನನ್ನ ತಮ್ಮ ಸರ್ವೋತ್ತಮನನ್ನು ಕರೆಸಿ ಪೆರ್ಡೂರಿನ ದೇವಸ್ಥಾನಕ್ಕೆ ಹೋಗಿ ಬಂದೆವು. ದಾರಿಯಲ್ಲಿ ನೀರು ಕುದಿಯಿತು. "ಹೊಸ ಗ್ಯಾಸ್ಕೆಟ್ಟು ಕೂರಲಿಕ್ಕೆ ಸ್ವಲ್ಪ ಸಮಯ ಬೇಕು" ಎಂದ ಜೋಕಿಮ್. ಆಮೇಲೆ ಅದನ್ನು ದೂರಕ್ಕೆ ಕೊಂಡುಹೋಗುವ ಸಂದರ್ಭವೇ ಬರಲಿಲ್ಲ, ಮೇ ತಿಂಗಳ ಆ ದಿನದವರೆಗೆ.

ಆ ದಿನ ಬೆಳಿಗ್ಗೆ ಸರ್ವೋತ್ತಮ ನಮ್ಮಲ್ಲೇ ಇದ್ದ. ಎದುರಿನ ಅಂಗಡಿಗೆ ಅಪ್ಪಿಯ ಫೋನು ಬಂತು. ಅತ್ತೆಗೆ ಎದೆ ಹಿಡಿದಿದೆ, ಮಣಿಪಾಲಕ್ಕೆ ತರಬೇಕು. "ಟ್ಯಾಕ್ಸಿ ತರಿಸಿದೆ ಅತ್ತಿಗೆ, ಹತ್ತುವುದಿಲ್ಲ. ಹೋದರೆ ನನ್ನ ಮಗ ಶೀನನ ಕಾರಿನಲ್ಲಿ ಹೋಗ್ತೇನೆ, ಇಲ್ಲದಿದ್ದರೆ ಇಲ್ಲೇ ಸಾಯ್ತೇನೆ ಅಂತ ಕೂತಿದ್ದಾರೆ. ಎಂತ ಮಾಡುವುದು ಮಾರಾಯ್ರೆ?" ಎಂದು ಅತ್ತಳು. ಟ್ಯಾಕ್ಸಿ ಅಂಗಳದಲ್ಲಿ ನಿಂತಿತ್ತು, ಇದನ್ನು ಅಪ್ಪಿ ನಿಮಗೆ ಬರೆದಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಬರುವುದಿಲ್ಲ ಎನ್ನಬಹುದಿತ್ತು. ಹಗೆ ತೀರಿಸುವವಳಾದರೆ ಅಷ್ಟು ಸಾಕಿತ್ತಲ್ಲ? ಉಟ್ಟ ಸೀರೆಯಲ್ಲೇ ಹತ್ತಿ ಕೂತೆ.

ಹೋಗುವಾಗ ಇಳಿಜಾರು, ಆಮೇಲೆ ಸಮತಟ್ಟು ದಾರಿ, ಅಷ್ಟೇನೂ ತೊಂದರೆ ಮಾಡಲಿಲ್ಲ. ಕಾಪುವಿನಲ್ಲಿ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಲೆಯನ್ನು ನನ್ನ ಮಡಿಲಲ್ಲಿಟ್ಟುಕೊಂಡೆ. ಮನೆಗೆ ಬೀಗ ಹಾಕಿ, ಬಟ್ಟೆಬರೆ ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತೇನೆಂದು ಅಪ್ಪಿ ಹಿಂದೆ ಉಳಿದಳು. ಉಡುಪಿ ದಾಟುವಾಗಲೇ ಬಾನೆಟ್ಟಿನ ಸಂದಿನಿಂದ ಆವಿ ಏಳುತ್ತಿತ್ತು. ಇಂದ್ರಾಳಿ ಕಳೆದು ಮಣಿಪಾಲದ ಏರು ಹತ್ತುವಾಗ ಒಂದು ದೊಡ್ಡ ಶಬ್ದವಾಗಿ ಬಿಸಿನೀರು ಗಾಜಿನವರೆಗೆ ಹಾರಿತು. ಕಾರು ನಿಂತಿತು. ನೆತ್ತಿಯ ಮೇಲೆ ಬಿಸಿಲು. ನಾವು ನಿಂತಲ್ಲಿಂದ ನೋಡಿದರೆ ಆಸ್ಪತ್ರೆಗೆ ಹೋಗುವ ಬಸ್ಸುಗಳು ತಿರುವಿನಲ್ಲಿ ಮರೆಯಾಗುವುದು ಕಾಣುತ್ತಿತ್ತು. ಕೈ ಅಡ್ಡ ಹಿಡಿದರೂ ಯಾರೂ ನಿಲ್ಲಿಸಲಿಲ್ಲ. ಸರ್ವೋತ್ತಮ ಏರಿನಲ್ಲಿ ಓಡಿದ. ಅವನು ಟ್ಯಾಕ್ಸಿ ತರುವವರೆಗೆ ನಾನೂ ನಿಮ್ಮ ಅಮ್ಮನೂ ಆ ಕಾರಿನೊಳಗೆ ಕೂತಿದ್ದೆವು.

ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಮೂರನೆಯ ದಿನ ಹೋದರು. ನಾನು ಡಾಕ್ಟರರನ್ನು ಹೊರಗೆ ಕರೆದು ಕೇಳಿದೆ, "ದಾರಿಯಲ್ಲಿ ನಿಲ್ಲದೆ ಬಂದಿದ್ದರೆ ಉಳಿಯುತ್ತಿದ್ದರಾ?" ಎಂದು. "ಹಾಗೆ ಹೇಳಲಿಕ್ಕೆ ಬರುವುದಿಲ್ಲಮ್ಮ" ಎಂದರು. ಇದನ್ನೂ ಮುಚ್ಚಿಡದೆ ಬರೆದಿದ್ದೇನೆ. ಉಳಿಯುತ್ತಿರಲಿಲ್ಲ ಎಂದು ಅವರು ಹೇಳಿದ್ದರೆ ನನಗೆ ರಾತ್ರಿ ನಿದ್ದೆ ಬರುತ್ತಿತ್ತು.

ಆಮೇಲೆ ಜೋಕಿಮ್ ಇನ್ನೊಂದು ತಲೆ ಬಿಚ್ಚಿದ. ಎರಡು ಸಿಲಿಂಡರಿನ ನಡುವೆ ಗ್ಯಾಸ್ಕೆಟ್ಟು ಸುಟ್ಟು ಕರಿಯಾಗಿ ದಾರಿಯೇ ಆಗಿತ್ತಂತೆ. ಬಾಯಿ ಸುಮ್ಮನಿರದ ಆ ಪುಣ್ಯಾತ್ಮ ಊರಿಗೆಲ್ಲ ಹೇಳಿಕೊಂಡು ಬಂದ. ಅದು ಅಪ್ಪಿಯ ಕಿವಿಗೆ ಬಿತ್ತು, ಅಲ್ಲಿಂದ ನಿಮಗೆ ಬಂತು.

ನಿಮ್ಮ ಪತ್ರ ಓದಿದ ಸಂಜೆಯೇ ನಾನು ಗ್ಯಾರೇಜಿಗೆ ಇಳಿದು ಅವನನ್ನು ಹಿಡಿದುಕೊಂಡೆ. "ತೆಂಕು ಎಂದರೆ ಬಡಗನ್ನು ಬಿಚ್ಚಿದೆಯಲ್ಲ, ನಿನಗೆ ಕಣ್ಣಿಲ್ವಾ?" ಎಂದು ಬೊಬ್ಬೆ ಹಾಕಿದೆ. ಅವನು ಕೊರಳಿನ ಶಿಲುಬೆ ಹಿಡಿದು, "ನಾನು ಬಿಚ್ಚಿದ್ದು ತೆಂಕಿನದ್ದೇ ಅಕ್ಕಾ! ಹೋದದ್ದು ಬಡಗಿನದ್ದು! ನೀವೇ ನೋಡಿ, ಗಾಡಿ ನಿಂತಲ್ಲೇ ಉಂಟು" ಎಂದ. ನೋಡಿದೆ. ಮಳೆ ಬಿಟ್ಟು ಸ್ವಲ್ಪ ಹೊತ್ತು ಸಂಜೆ ಬಿಸಿಲು ಬಂದಿತ್ತು. ಆ ಬಿಸಿಲು ಕಾರಿನ ಡಿಕ್ಕಿಯ ಮೇಲೆ ಬಿದ್ದಿತ್ತು. ಕಾಪುವಿನಲ್ಲಿ ಸಂಜೆ ಬಿಸಿಲು ಬೀಳುತ್ತಿದ್ದದ್ದು ಬಾನೆಟ್ಟಿನ ಮೇಲೆ. ಅಲ್ಲಿ ನೀವು ಯಾವಾಗಲೂ ಕಾರನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದಿರಿ. ಜೋಕಿಮನ ಗ್ಯಾರೇಜಿಗೆ ದಾರಿ ಇರುವುದು ಪಡುವಿನಿಂದ. ಒಳಗೆ ನುಗ್ಗಿಸಿದ ಗಾಡಿ ಮೂಡಕ್ಕೆ ಮುಖ ಮಾಡಿ ನಿಲ್ಲುತ್ತದೆ. ಅಲ್ಲಿ ತೆಂಕಿದ್ದದ್ದು ಇಲ್ಲಿ ಬಡಗಾಯಿತು.

ಅಷ್ಟೇ ನಡೆದದ್ದು. ನೀವು ಬರೆದದ್ದು ಕಾಪುವಿನ ತೆಂಕು. ನಾನು ಓದಿದ್ದು ಪರ್ಕಳದ ತೆಂಕು. ತಪ್ಪು ನನ್ನದೂ ಹೌದು, ಕಾರು ತಿರುಗಿದೆಯೆಂದು ನನಗೆ ಹೊಳೆಯಬೇಕಿತ್ತು. ಜೋಕಿಮನದ್ದೂ ಹೌದು, ಕಣ್ಣಿಗೆ ಕಂಡದ್ದನ್ನು ಅವನು ನಂಬಬೇಕಿತ್ತು. ನಿಮ್ಮದು ಇಲ್ಲವೇ? ಲಕೋಟೆಯ ಮೇಲೆ ಪರ್ಕಳದ ವಿಳಾಸ ಬರೆದವರು ನೀವೇ. ಕಾರು ಇಲ್ಲಿದೆಯೆಂದು ನಿಮಗೆ ಗೊತ್ತಿತ್ತು. ಹೀಗಿದ್ದೂ ಒಳಗೆ ಬರೆಯುವಾಗ ನಿಮ್ಮ ಕಣ್ಣೆದುರು ಇದ್ದದ್ದು ಅದೇ ಶೆಡ್ಡು, ಅದೇ ಅಂಗಳ. ಈ ಎರಡು ಕೋಣೆ ನಿಮ್ಮ ತಲೆಯೊಳಗೆ ಒಂದು ದಿನವೂ ಬರಲಿಲ್ಲ. ನಮ್ಮ ಬಾಗಿಲು ಯಾವ ದಿಕ್ಕಿಗಿದೆ, ನೀರು ಎಲ್ಲಿಂದ ತರುತ್ತೇವೆ, ಮಗಳು ಎಲ್ಲಿ ಕೂತು ಓದುತ್ತಾಳೆ, ಯಾವುದನ್ನೂ ನೀವು ಇವತ್ತಿನವರೆಗೆ ಕೇಳಿದವರಲ್ಲ. ನನಗೆ ಇದರಿಂದ ತುಂಬ ನೋವಾಗಿದೆ. ಕೊಂದವಳು ಎಂದದ್ದಕ್ಕಿಂತ ಇದರಿಂದಲೇ ಹೆಚ್ಚು ಎಂದು ಎರಡು ದಿನ ಅಂದುಕೊಂಡಿದ್ದೆ. ಅಲ್ಲ, ಕೊಂದವಳು ಎಂದದ್ದೂ ಅಷ್ಟೇ ನೋವು.

ಕಾರು ಈಗ ಎರಡೂ ತಲೆ ಬಿಚ್ಚಿಕೊಂಡು ಜೋಕಿಮನಲ್ಲಿಯೇ ಉಂಟು. ಅದಕ್ಕೆ ಎಂತ ಮಾಡಬೇಕೆಂದು ಅಪ್ಪಿಯ ಗಂಡನಿಗೆ ಬರೆಯಿರಿ. ನನಗೆ ಬರೆಯಬೇಡಿ. ಇನ್ನು ಯಾವ ಬದಿಯ ಮಾತನ್ನೂ ನಾನು ಯಾರಿಗೂ ದಾಟಿಸುವುದಿಲ್ಲ.

ಅಲ್ಲಿ ಸೆಕೆ ಜೋರಿರಬಹುದು, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮೊಣಕೈಯ ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ನಿಮಗೆ ಕೆಟ್ಟದ್ದಾಗಲೆಂದು ಸಿಟ್ಟಿನಲ್ಲಿಯೂ ನನ್ನ ಬಾಯಿಯಿಂದ ಬಂದಿಲ್ಲ, ಪೆರ್ಡೂರಿನ ಅನಂತಪದ್ಮನಾಭ ನಿಮ್ಮನ್ನು ಕಾಯಲಿ. ಮಗಳು ನಿಮಗೆ ನಮಸ್ಕಾರ ತಿಳಿಸಲು ಹೇಳಿದ್ದಾಳೆ.

ನಿಮ್ಮ
ಸುಗಂಧಿ

ತಾ.ಕ.: ಪತ್ರ ಮಡಚಿಟ್ಟು ಅನ್ನಕ್ಕೆ ಇಟ್ಟು ಬಂದೆ. ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯಬಾರದೆಂದು ಇಷ್ಟು ದಿನ ತಡೆದುಕೊಂಡಿದ್ದೆ.

ಆ ಏರಿನಲ್ಲಿ ಕಾರು ನಿಂತಾಗ ನಾನು ಸೆರಗಿನಿಂದ ಅತ್ತೆಗೆ ಗಾಳಿ ಹಾಕುತ್ತಿದ್ದೆ. ಅವರು ಕಣ್ಣು ಬಿಟ್ಟು ನನ್ನ ಮುಖ ನೋಡಿದರು, ಗುರುತು ಸಿಗಲಿಲ್ಲ. "ಅಪ್ಪೀ" ಎಂದರು. "ಇಲ್ಲೇ ಇದ್ದೇನೆ" ಎಂದೆ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನಾನು ಹೋದ ಮೇಲೆ ಆ ಸುಗಂಧಿ ಅಳ್ತಾ ಬಂದಾಳು. ನೀನು ಕರಗಿ ಒಳಗೆ ಸೇರಿಸಬೇಡ ಮಗಾ. ಬಹ್ರೈನಿಗೆ ಹೊರಡುವ ದಿನ ಶೀನ ನಮ್ಮಿಬ್ಬರನ್ನು ಕೂರಿಸಿ ಹೇಳಿದ್ದು ಮರೆತೆಯಾ? ಮನೆ ಅಪ್ಪಿಗೇ ಆಗಲಿ, ಸುಗಂಧಿಯನ್ನು ನೀವೇ ಹೇಗಾದರೂ ಮಾಡಿ ಹೊರಡಿಸಿ, ಎದುರು ನಿಂತು ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ ಅಂತ ಅತ್ತನಲ್ಲ. ಪಾಪ, ನನ್ನ ಮಗ. ಕೆಟ್ಟ ಹೆಸರು ನಮಗೆ ಬಂದರೆ ಬರಲಿ" ಎಂದರು.

ನೀವು ಹೊರಡುವ ದಿನ ನಿಮ್ಮ ಅಂಗಿಗೆ ಗುಂಡಿ ಹೊಲಿದುಕೊಟ್ಟವಳು ನಾನು.

ಅಪ್ಪಿಯ ಹಾಗೆ ದನಿ ಸಣ್ಣ ಮಾಡಿ, "ಆಯಿತಮ್ಮ, ಸೇರಿಸುವುದಿಲ್ಲ" ಎಂದೆ. ಅವರು ಕೈ ಸಡಿಲ ಬಿಟ್ಟು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಸರ್ವೋತ್ತಮ ಟ್ಯಾಕ್ಸಿ ತಂದ. ಅವರು ಮತ್ತೆ ಮಾತನಾಡಲಿಲ್ಲ. ನಿಮ್ಮ ಅಮ್ಮನ ಕೊನೆಯ ಮಾತು ಏನೆಂದು ಪತ್ರದಲ್ಲಿ ಕೇಳಿದ್ದಿರಲ್ಲ, ಇದು.

ಇದು ಸುಳ್ಳೆಂದಾದರೆ ಕೂಡಲೇ ಉತ್ತರ ಬರೆಯಿರಿ. ನಿಜವೆಂದಾದರೆ ಕಾಗದ ದಂಡ ಮಾಡಬೇಡಿ.